ದಾರಿಯ ಎಡಬದಿ

ನಮ್ಮ ದೇಶದಲ್ಲಿ ಗಾಡಿಗಳು ರಸ್ತೆಯ ಎಡಬದಿಯನ್ನು ಹಿಡಿದು ಸಾಗಬೇಕೆಂಬುದು ಮಗುವಿಗೂ ಗೊತ್ತಿರುವ ನಿಯಮ. ಗೊತ್ತಿದ್ದೂ ಇಷ್ಟು ಜನ ಇಷ್ಟು ನಿಶ್ಚಿಂತೆಯಿಂದ ಮೀರುವ ನಿಯಮ ಬೇರೊಂದಿರಲಾರದು. ಅಂಕೋಲಾ ತಾಲೂಕಿನ ಅವರ್ಸಾದಿಂದ ಕಾರವಾರದ ಕಚೇರಿಗೆ ದಿನವೂ ಹೋಗಿಬರುವವರಲ್ಲಿ ನಾನೂ ಒಬ್ಬನು. ಹಾರವಾಡ, ಅಮದಳ್ಳಿ, ಚೆಂಡಿಯಾ, ಅರ್ಗಾ, ಬಿಣಗಾ ಎಂದು ಊರುಗಳನ್ನು ದಾಟುತ್ತ ಹೋಗುವ ಈ ಸುಮಾರು ಇಪ್ಪತ್ತೈದು ಕಿಲೋಮೀಟರುಗಳಲ್ಲಿ ಒಂದು ಕಡೆ ಸಮುದ್ರದ ಗಾಳಿ, ಇನ್ನೊಂದು ಕಡೆ ಸಹ್ಯಾದ್ರಿಯ ಸೆರಗು. ನೋಡಬೇಕಾದ ದಾರಿಯೇ. ಆದರೆ ನೋಡುವ ಭಾಗ್ಯ ಬಸ್ಸಿನ ಕಿಟಕಿಯ ಪಕ್ಕ ಕುಳಿತವರಿಗೆ ಮಾತ್ರ. ಸ್ವತಃ ಗಾಡಿ ನಡೆಸುವವನ ಕಣ್ಣು ಎದುರಿನವನ ಮೇಲೆ, ಹಿಂದಿನವನ ಮೇಲೆ, ಈಗ ಕೆಲವು ವರ್ಷಗಳಿಂದ ಎದುರಾಗಿ ಬರಬಾರದ ಕಡೆಯಿಂದ ಬರುವವನ ಮೇಲೆ.

ಲಾರಿ ಬಲಬದಿಯ ಪಥವನ್ನು ಪಿತ್ರಾರ್ಜಿತವೆಂಬಂತೆ ಹಿಡಿದು ನಿಧಾನವಾಗಿ ಸಾಗುತ್ತದೆ. ಅದನ್ನು ದಾಟಲು ಕಾರುಗಳು ಎಡದಿಂದ ನುಸುಳುತ್ತವೆ. ರಾತ್ರಿಯಾದರೆ ದೀಪ ತಗ್ಗಿಸುವವರು ವಿರಳ. ಹಿಂದೆ ಬಂದವನು ಹಾರ್ನು ಒತ್ತಿದರೆ ಮುಂದಿನವನು ಸರಿಯುವತನಕ ಬೆರಳು ತೆಗೆಯುವುದಿಲ್ಲ. ದ್ವಿಚಕ್ರದವರು ಅರ್ಧ ಮೈಲಿಯ ಸುತ್ತು ಉಳಿಸಲು ಎದುರುಮುಖವಾಗಿ ಬರುತ್ತಾರೆ. ಇದನ್ನೆಲ್ಲ ಸಂಜೆ ಮನೆಗೆ ಬಂದು ಹೇಳಿಕೊಂಡರೆ ಹಿರಿಯರು, ಹಿಂದೆ ಹೀಗಿರಲಿಲ್ಲವೆಂದೂ ಈಗಿನವರಿಗೆ ಶಿಸ್ತೇ ಇಲ್ಲವೆಂದೂ ತೀರ್ಪು ಕೊಡುತ್ತಾರೆ. ಈ ತೀರ್ಪನ್ನು ನಾನು ಒಪ್ಪಲಾರೆ. ಹಳೆಯ ಸಂಗತಿಗಳನ್ನು ತಿರುವಿ ನೋಡಿದಷ್ಟೂ ನನಗೆ ಬೇರೊಂದು ಸಂಗತಿ ಕಾಣುತ್ತದೆ. ಇಂದು ನಮ್ಮನ್ನು ಕೆರಳಿಸುವ ಒಂದೊಂದು ದುರಭ್ಯಾಸವೂ ಒಂದು ಕಾಲದ ರಸ್ತೆಯಲ್ಲಿ ಸರಿಯಾದ, ಕೆಲವೊಮ್ಮೆ ಅವಶ್ಯವಾದ ನಡವಳಿಕೆಯೇ ಆಗಿತ್ತು. ರಸ್ತೆ ಬದಲಾಯಿತು, ಕಾಯಿದೆ ಬದಲಾಯಿತು. ಚಕ್ರ ಹಿಡಿದ ಕೈ ಮಾತ್ರ ಹಳೆಯದನ್ನೇ ನೆನಪಿಟ್ಟುಕೊಂಡಿತು.

ಮೊದಲಿಗೆ, ಈ ಕರಾವಳಿಯಲ್ಲಿ ದಕ್ಷಿಣೋತ್ತರವಾಗಿ ಗಾಡಿ ಓಡುವ ರಸ್ತೆಯೆಂಬುದೇ ಬಹಳ ಹಳೆಯದಲ್ಲವೆಂಬುದನ್ನು ಗಮನಿಸಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕು ನದಿಗಳು ಜಿಲ್ಲೆಯ ತೀರವನ್ನು ತುಂಡುತುಂಡು ಮಾಡಿವೆ. ಅವುಗಳ ನಡುವೆ ಹಳ್ಳ, ಕೋಡಿ, ಗಜನಿಗಳಿಗೆ ಲೆಕ್ಕವಿಲ್ಲ. ಟೀಪುವಿನ ಪತನದ ತರುವಾಯ ಈ ನಾಡನ್ನು ಪರಿಶೀಲಿಸಲು ಬಂದ ಫ್ರಾನ್ಸಿಸ್ ಬುಕನನ್ ೧೮೦೧ರಲ್ಲಿ ಗೋಕರ್ಣ, ಅಂಕೋಲೆಗಳ ಮೇಲಿಂದ ಉತ್ತರಕ್ಕೆ ಸಾಗಿದ. ಆ ದಾರಿ ಕಾಲುದಾರಿಯೂ ತಾರಿಯೂ ಬೆರೆತದ್ದು. ಸಾಮಾನು ತೀರದುದ್ದಕ್ಕೂ ಹೋಗುತ್ತಿದ್ದುದು ದೋಣಿ, ಮಚವೆಗಳಲ್ಲಿ. ಅದಾಗಿ ಎಂಬತ್ತು ವರ್ಷಗಳ ಮೇಲೆ, ೧೮೮೦ರ ದಶಕದ ಆರಂಭದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ಕಾರವಾರದಲ್ಲಿದ್ದ ರವೀಂದ್ರನಾಥ ಠಾಕೂರರು ಮರಳಿದ್ದೂ ಹಡಗಿನಲ್ಲಿಯೇ. ಕಾರವಾರವನ್ನು ವರ್ಣಿಸಿದ ಆ ಕವಿಯ ನೆನಪಿನಲ್ಲಿ ಕಾಳಿ ನದಿಯ ಮೇಲಿನ ದೋಣಿಯಾನವಿದೆ, ಧೂಳಿನ ರಸ್ತೆಯಿಲ್ಲ.

ರಸ್ತೆಗಳು ಇರಲಿಲ್ಲವೆಂದಲ್ಲ. ಆದರೆ ಅವು ಘಟ್ಟದಿಂದ ಬಂದರಕ್ಕೆ, ಅಂದರೆ ಪೂರ್ವದಿಂದ ಪಶ್ಚಿಮಕ್ಕೆ ಇಳಿಯುತ್ತಿದ್ದ ರಸ್ತೆಗಳು. ಧಾರವಾಡ ಸೀಮೆಯ ಹತ್ತಿ ಎತ್ತಿನ ಬೆನ್ನ ಮೇಲೆ ಇಳಿದು ಕುಮಟೆಯಿಂದ ಹಡಗು ಹತ್ತುತ್ತಿದ್ದುದರಿಂದಲೇ ಆ ಹತ್ತಿಯ ಜಾತಿಗೆ 'ಕುಮಟಾ' ಎಂಬ ಹೆಸರು ಬಿತ್ತು. ೧೮೬೧ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಯವರ ಕಣ್ಣು ಧಾರವಾಡದ ಮೇಲೆ ಬಿತ್ತು. ಕಾರವಾರದ ಬಂದರವನ್ನು ಬೆಳೆಸಬೇಕೆಂದೂ ಮುಂಬಯಿಯ ಆಡಳಿತವೇ ಅದಕ್ಕೆ ತಕ್ಕದ್ದೆಂದೂ ಒತ್ತಾಯ ಬಂದು, ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಇಲಾಖೆಗೆ ಸೇರಿಸಲಾಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಸಂಸ್ಥೆ ಹತ್ತಿ ಒತ್ತುವ ಯಂತ್ರಗಳನ್ನು ಸದಾಶಿವಗಡದ ದಂಡೆಗೆ ಕಳಿಸಿತು. ಯಂತ್ರ ಬಂತು, ಕೈಗಾ ಘಟ್ಟದ ಮೇಲಿನ ರಸ್ತೆ ಮುಗಿದಿರಲಿಲ್ಲ. ಹತ್ತಿಯ ಗಾಡಿಗಳು ಇಳಿಯದೆ ಯಂತ್ರಗಳು ಕಾಯುತ್ತ ಕುಳಿತವು. ಕೆಲವೇ ವರ್ಷಗಳಲ್ಲಿ ಕಂಪನಿಯೇ ಬಾಗಿಲು ಮುಚ್ಚಿತು. ಕಾರವಾರದ ರಸ್ತೆಗಾಗಿ ಕಾದು ಬೇಸತ್ತವರ ಪಟ್ಟಿಯಲ್ಲಿ ಮ್ಯಾಂಚೆಸ್ಟರಿನ ಸಾಹುಕಾರರ ಹೆಸರು ನಮಗಿಂತ ಮೇಲಿದೆ ಎಂಬುದು ಒಂದು ಸಮಾಧಾನ.

ಅದೇ ೧೮೬೨ರ ಜನವರಿ ಒಂದರಿಂದ ಭಾರತ ದಂಡಸಂಹಿತೆ ಜಾರಿಗೆ ಬಂತು. ಅದರ ೨೭೯ನೆಯ ಕಲಮು ಸಾರ್ವಜನಿಕ ದಾರಿಯಲ್ಲಿ ಅಜಾಗರೂಕತೆಯಿಂದಲೋ ದುಡುಕಿನಿಂದಲೋ ವಾಹನ ನಡೆಸಿ ಪರರ ಜೀವಕ್ಕೆ ಅಪಾಯ ತರುವವನಿಗೆ ಆರು ತಿಂಗಳವರೆಗಿನ ಸೆರೆಯನ್ನು ಹೇಳುತ್ತದೆ. ಮೋಟಾರು ಎಂಬ ಮಾತೇ ಹುಟ್ಟಿರದ ಕಾಲದಲ್ಲಿ ಬರೆದ ಕಲಮು ಇದು. ಎತ್ತಿನ ಗಾಡಿ, ಕುದುರೆ ಸಾರೋಟುಗಳವರನ್ನು ಕಂಡು ಬರೆದದ್ದು. ೨೦೨೪ರ ಜುಲೈ ಒಂದರಿಂದ ಭಾರತೀಯ ನ್ಯಾಯಸಂಹಿತೆ ಬಂದಾಗ ಇದು ೨೮೧ನೆಯದಾಯಿತು. ಒಡಲು ಬಹುಮಟ್ಟಿಗೆ ಅದೇ. ಹಿಂದಿನವರೆಲ್ಲ ಶಿಸ್ತಿನಿಂದ ನಡೆದಿದ್ದರೆ ಇಂಥ ಕಲಮು ಬೇಕಾಗುತ್ತಿರಲಿಲ್ಲವಷ್ಟೆ. ರಾತ್ರಿಯಲ್ಲಿ ಸಾಲಾಗಿ ಸಾಗುವ ಗಾಡಿಗಳಲ್ಲಿ ಮುಂದಿನ ಒಬ್ಬ ಎಚ್ಚರವಿದ್ದರೆ ಹಿಂದಿನವರೆಲ್ಲ ನಿದ್ದೆ ಮಾಡುವ ಪದ್ಧತಿ ನಮ್ಮ ನಾಡಿನಲ್ಲಿ ಎಲ್ಲೆಡೆಯೂ ಇತ್ತು. ಅಚ್ಚಿನ ಕೆಳಗೆ ತೂಗುವ ಕಂದೀಲಿನ ಬೆಳಕು ದಾರಿ ಕಾಣಲು ಸಾಲದು. ಬರುವವನಿಗೆ ಗಾಡಿ ಇದೆಯೆಂದು ತಿಳಿಯಲು ಮಾತ್ರ. ಮತ್ತೆ ಎತ್ತಿಗೆ ಎಡವೇನು, ಬಲವೇನು? ದಾರಿಯ ನಡುವೆ ನೆಲ ಗಟ್ಟಿ, ಅಂಚಿನಲ್ಲಿ ಮೆತ್ತಗೆ. ಅದು ನಡುವನ್ನೇ ಹಿಡಿಯುತ್ತದೆ. ನಡುದಾರಿಯ ಮೋಹ ಲಾರಿಯವನಿಗೆ ಬಂದದ್ದು ಎತ್ತಿನಿಂದಲೇ ಎಂದರೆ ಯಾರೂ ಕೋಪಿಸಿಕೊಳ್ಳಬಾರದು.

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಬಂತು. ೧೯೧೪ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಅನ್ವಯಿಸುವ ಮೋಟಾರು ವಾಹನ ಕಾಯಿದೆಯಾಗಿ ಚಾಲಕನಿಗೆ ಪರವಾನಿಗೆ ಕಡ್ಡಾಯವಾಯಿತು. ಅದರ ಜಾಗದಲ್ಲಿ ೧೯೩೯ರ ಕಾಯಿದೆ ಬಂತು. ಇದರ ಹತ್ತನೆಯ ಅನುಸೂಚಿಯಲ್ಲಿ ಗಾಡಿ ನಡೆಸುವ ನಿಯಮಗಳಿದ್ದವು. ಅವುಗಳಲ್ಲಿ ಮೊದಲನೆಯದೇ ಎಡಬದಿಯದು: ಸಾಧ್ಯವಾದಷ್ಟು ಎಡಕ್ಕೆ ಹತ್ತಿ ನಡೆಸಬೇಕು, ಎದುರಿನವರಿಗೆ ನಮ್ಮ ಬಲಗಡೆಯಿಂದ ಹಾದುಹೋಗಲು ಬಿಡಬೇಕು. ಈ ನಿಯಮದ 'ಸಾಧ್ಯವಾದಷ್ಟು' ಎಂಬ ಮಾತನ್ನು ಓದುಗರು ಲಕ್ಷಿಸಬೇಕು. ಅಂದಿನ ರಸ್ತೆಗಳಲ್ಲಿ ಅದು ಎಷ್ಟು ಸಾಧ್ಯವಿತ್ತು?

ಒಂಟಿ ಪಥದ ರಸ್ತೆಯ ಡಾಂಬರಿನ ಅಗಲ ನಮ್ಮಲ್ಲಿ ೩.೭೫ ಮೀಟರು. ಅದರ ಮೇಲೆ ಎರಡು ಬಸ್ಸು ಎದುರಾದರೆ ಇಬ್ಬರೂ ಎಡಗಾಲಿಗಳನ್ನು ಮಣ್ಣಿಗೆ ಇಳಿಸಬೇಕು. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಆ ದಿನಗಳಲ್ಲಿ ಅಂಚಿನ ಕೆಮ್ಮಣ್ಣಿಗೆ ಇಳಿಸಿದ ಗಾಲಿ ಮೇಲೆ ಬರುತ್ತದೆಂಬ ಭರವಸೆಯಿಲ್ಲ. ಆದುದರಿಂದ ಚಾಲಕ ಡಾಂಬರಿನ ನಡುವೆ ಗಾಡಿ ಹಿಡಿದು, ಎದುರಿನವನು ಮೊದಲು ಇಳಿಯಲಿ ಎಂದು ಕೊನೆಯ ಗಳಿಗೆಯವರೆಗೂ ಕಾಯುತ್ತಿದ್ದ. ಇಬ್ಬರ ಧೈರ್ಯದ ಪರೀಕ್ಷೆ ಅದು. ಸೋತವನು ಕೆಸರಿಗೆ, ಗೆದ್ದವನು ಮುಂದಕ್ಕೆ. ತೂಕದ ಗಾಡಿಯವನು ಸಾಮಾನ್ಯವಾಗಿ ಗೆಲ್ಲುತ್ತಿದ್ದ. ಏಕೆಂದರೆ ಅವನು ಇಳಿದರೆ ನಿಜವಾಗಿಯೂ ಹೂತುಹೋಗುತ್ತಿದ್ದ. ದೊಡ್ಡ ಗಾಡಿಗೆ ಸಣ್ಣದು ದಾರಿ ಬಿಡಬೇಕೆಂಬ ಬರೆಯದ ಕಾನೂನು ಹುಟ್ಟಿದ್ದು ಹೀಗೆ. ಈಗ ಏಳು ಮೀಟರಿನ ರಸ್ತೆಯೂ ಆಗಿ, ನಾಲ್ಕು ಪಥವೂ ಆಗಿದೆ. ಕೆಸರಿನ ಭಯ ಹೋಯಿತು. ಬರೆಯದ ಕಾನೂನು ಮಾತ್ರ ಹಾಗೆಯೇ ಉಳಿದು, ಎದುರಿನಿಂದ ಬರುವ ಬಸ್ಸನ್ನು ಕಂಡು ನನ್ನಂಥ ದ್ವಿಚಕ್ರದವನು ಇಂದಿಗೂ ಅಂಚಿಗೆ ಸರಿಯುತ್ತಾನೆ.

ಹಾರ್ನಿನದೂ ಇದೇ ಕಥೆ. ತಿರುವಿನಾಚೆ ಏನಿದೆಯೆಂದು ಕಾಣದ ಘಟ್ಟದ ರಸ್ತೆಯಲ್ಲಿ ಸದ್ದು ಮಾಡದವನೇ ಅಪರಾಧಿ. ಕನ್ನಡಿಯಿಲ್ಲದ, ಇದ್ದರೂ ನಡುಗುವ, ಯಂತ್ರದ ಗದ್ದಲದಲ್ಲಿ ಏನೂ ಕೇಳಿಸದ ಲಾರಿಯವನು ಹಿಂದಿನವನಿಗೆ, ದಾಟಬೇಕಾದರೆ ಕೂಗಿ ಹೇಳಪ್ಪಾ ಎಂದು ಬೆನ್ನ ಮೇಲೆಯೇ ಬರೆಸಿಕೊಂಡ. 'ಹಾರ್ನ್ ಓಕೆ ಪ್ಲೀಸ್' ಎಂಬ ಆ ಬರಹ ನಮ್ಮ ದೇಶದ ಲಾರಿಗಳ ಲಾಂಛನವೇ ಆಗಿಹೋಯಿತು. ೨೦೧೫ರಲ್ಲಿ ಮಹಾರಾಷ್ಟ್ರ ಸರಕಾರ ಅದನ್ನು ನಿಷೇಧಿಸಿತು. ಜನ ಅನಾವಶ್ಯಕವಾಗಿ ಹಾರ್ನು ಒತ್ತಲು ಅದು ಪ್ರೇರಣೆ ಕೊಡುತ್ತದೆಂಬ ಕಾರಣಕ್ಕೆ. ಹಲವು ಸ್ವರಗಳಲ್ಲಿ ಹಾಡುವ ಹಾರ್ನುಗಳೂ ಕೇಂದ್ರದ ನಿಯಮಗಳ ಪ್ರಕಾರ ನಿಷಿದ್ಧ. ಅವು ಹಾಡುತ್ತಲೇ ಇವೆ.

ದೀಪದ ಭಾಷೆ ಇನ್ನೂ ವಿಚಿತ್ರವಾದದ್ದು. ಇಂಗ್ಲೆಂಡಿನಲ್ಲಿ ಎದುರಿನವನು ಒಮ್ಮೆ ದೀಪ ಮಿಣುಕಿಸಿದರೆ 'ನೀವು ಮೊದಲು ಹೋಗಿ' ಎಂಬ ಸೌಜನ್ಯವೆಂದು ಜನ ತಿಳಿಯುತ್ತಾರೆ. ಅಲ್ಲಿಯ ಸರಕಾರಿ ಕೈಪಿಡಿ ಇದನ್ನು ಒಪ್ಪದಿದ್ದರೂ ರೂಢಿ ಹಾಗಿದೆ. ನಮ್ಮಲ್ಲಿ ಅದೇ ಮಿಣುಕಿಗೆ 'ನಾನು ಬರುತ್ತಿದ್ದೇನೆ, ನೀನು ನಿಲ್ಲು' ಎಂದರ್ಥ. ಈ ತಲೆಕೆಳಗಾದ ಅರ್ಥಕ್ಕೂ ಕಾರಣವಿದೆ. ಒಂದೇ ಗಾಡಿ ಹಿಡಿಸುವ ಕಿರುಸೇತುವೆಗಳು ನಮ್ಮ ಹಳೆಯ ರಸ್ತೆಗಳಲ್ಲಿ ಹೆಜ್ಜೆಹೆಜ್ಜೆಗೆ ಇದ್ದವು. ಯಾರು ಮೊದಲು ದೀಪ ಹಾಕಿದರೋ ಅವರದು ಸೇತುವೆ. ಅಲ್ಲಿ ಅದು ಒರಟುತನವಲ್ಲ, ಒಪ್ಪಂದ. ಅಗಲವಾದ ರಸ್ತೆಯಲ್ಲಿ ಅದೇ ಒಪ್ಪಂದ ದಬ್ಬಾಳಿಕೆಯಾಗಿ ಕಾಣುತ್ತದೆ.

ಇನ್ನು ಬಲಗಡೆಯ ಮಿಣುಕುದೀಪ. ನಮ್ಮ ಹೆದ್ದಾರಿಯಲ್ಲಿ ಮುಂದಿನ ಲಾರಿ ಬಲದೀಪ ಮಿಣುಕಿಸಿದರೆ, ಅವನು ಬಲಕ್ಕೆ ತಿರುಗುವನೋ ಅಥವಾ ನನ್ನನ್ನು ಮುಂದೆ ಹೋಗೆಂದು ಕರೆಯುತ್ತಿರುವನೋ ಬ್ರಹ್ಮನಿಗೇ ಗೊತ್ತು. ತಪ್ಪಾಗಿ ಓದಿದವರು ಪ್ರಾಣ ಕಳೆದುಕೊಂಡಿದ್ದಾರೆ. ಇದಕ್ಕೆ ನನ್ನ ಊಹೆ ಹೀಗಿದೆ. ಹಿಂದೆ ಸಂಕೇತವೆಲ್ಲ ಚಾಲಕನ ಬಲಗೈಯದು, ಕಿಟಕಿಯ ಹೊರಗೆ ಚಾಚಿದ್ದು. ಬಲಕ್ಕೆ ತಿರುಗಲು ಕೈಯನ್ನು ನೆಟ್ಟಗೆ ಅಡ್ಡಲಾಗಿ ಚಾಚಬೇಕು. ಹಿಂದಿನವನಿಗೆ ದಾಟಲು ಅನುಮತಿ ಕೊಡಲು ಅದೇ ಕೈಯನ್ನು ಹಿಂದೆ ಮುಂದೆ ಬೀಸಬೇಕು. ನೋಡುವವನಿಗೆ ಈ ಎರಡು ಸನ್ನೆಗಳಲ್ಲಿ ಗೊಂದಲವಿರಲಿಲ್ಲ. ಆಮೇಲೆ ಕೈಯ ಜಾಗಕ್ಕೆ ದೀಪ ಬಂತು. ದೀಪಕ್ಕೆ ಬೀಸಲು ಬರುವುದಿಲ್ಲ. ಕೈ ಮಾಡುತ್ತಿದ್ದ ಎರಡು ಮಾತುಗಳನ್ನೂ ಲಾರಿಯವರು ಒಂದೇ ಬಲದೀಪದ ಬಾಯಲ್ಲಿ ಹೇಳಿಸತೊಡಗಿದರು. ಸುಧಾರಣೆಯಿಂದ ಅರ್ಥ ಕೆಟ್ಟದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಎಡ ಬಲದ ಮಾತು ಬಂದದ್ದರಿಂದ ನೆರೆಯ ಗೋವೆಯ ಒಂದು ಸ್ವಾರಸ್ಯವನ್ನು ಹೇಳಿಬಿಡಬೇಕು. ಪೋರ್ತುಗಾಲದಲ್ಲಿ ಮೊದಲು ಗಾಡಿಗಳು ಎಡಬದಿಯಲ್ಲಿಯೇ ಓಡುತ್ತಿದ್ದವು. ೧೯೨೮ರ ಜೂನ್ ಒಂದರಂದು ಆ ದೇಶ ಬಲಬದಿಗೆ ಬದಲಾಯಿಸಿಕೊಂಡಿತು. ಆದರೆ ಎಡಬದಿಯ ನೆರೆಹೊರೆಯಿದ್ದ ಗೋವೆ, ಮೊಜಾಂಬಿಕ್ ಮುಂತಾದ ತನ್ನ ವಸಾಹತುಗಳನ್ನು ಎಡದಲ್ಲಿಯೇ ಬಿಟ್ಟಿತು. ಇಲ್ಲದಿದ್ದರೆ ನಮ್ಮ ಮಾಜಾಳಿಗೂ ಆಚೆಯ ಪೋಳೆಗೂ ನಡುವಿನ ಗಡಿಯಲ್ಲಿ ಪ್ರತಿಯೊಂದು ಗಾಡಿಯೂ ಅಡ್ಡಹಾಯ್ದು ಬದಿ ಬದಲಿಸಬೇಕಾಗುತ್ತಿತ್ತು. ೧೯೬೧ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾದಾಗ ಅಲ್ಲಿ ಏನೇನೋ ಬದಲಾಯಿತು. ರಸ್ತೆಯ ಬದಿಯೊಂದನ್ನು ಬದಲಿಸಬೇಕಾಗಲಿಲ್ಲ. ಸಾಲಾಜಾರರ ಆಡಳಿತಕ್ಕೆ ಕೃತಜ್ಞತೆ ಹೇಳಲು ನಮಗೆ ಸಿಗುವ ಕಾರಣಗಳು ಬಹಳ ಕಡಿಮೆ. ಇದೂ ಅವರಿಗಿಂತ ಹಿಂದಿನವರು ಮಾಡಿದ್ದು!

ಗೋವೆಗೆ ಹೋಗಲು ಆಗ ಕಾಳಿಗೆ ಸೇತುವೆಯಿರಲಿಲ್ಲ. ೧೯೮೩ರ ಸುಮಾರಿಗೆ ಸೇತುವೆ ಆಗುವವರೆಗೂ ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿಯೇ ಗತಿ. ತಾರಿಯಲ್ಲಿ ಹಾರ್ನು ಒತ್ತಿ ಪ್ರಯೋಜನವಿಲ್ಲ, ಹೊಳೆ ಕೇಳುವುದಿಲ್ಲ. ಮೊದಲು ಬಂದವನು ಮೊದಲು. ಸಾಲಿನಲ್ಲಿ ಗಾಡಿ ನಿಲ್ಲಿಸಿ, ಇಳಿದು, ಚಹ ಕುಡಿದು, ಹಿಂದು ಮುಂದಿನವರೊಡನೆ ಮಾತಾಡಿ ಕಾಯಬೇಕು. ಹಿರಿಯರು ನೆನೆಯುವ ಹಿಂದಿನ ಶಿಸ್ತು ಎಲ್ಲಾದರೂ ಇದ್ದರೆ ಇಲ್ಲಿ ಇದ್ದಿರಬೇಕು. ಅದು ಮನುಷ್ಯರ ಗುಣವಾಗಿರಲಿಲ್ಲ, ನೀರಿನ ಗುಣವಾಗಿತ್ತು. ಸೇತುವೆಯ ಮೇಲೆ ಅದೇ ಮನುಷ್ಯರು ಅರ್ಧ ನಿಮಿಷ ಕಾಯಲಾರದವರಾದರು.

ನಮ್ಮ ಭಾಗದ ರಸ್ತೆಯ ಸ್ವಭಾವವನ್ನು ಹೆಚ್ಚಾಗಿ ಕೆಡಿಸಿದ್ದು ಅದಿರಿನ ಕಾಲ. ಚೀನದ ಬೇಡಿಕೆ ಏರಿ, ಬಳ್ಳಾರಿ ಸೀಮೆಯ ಕಬ್ಬಿಣದ ಅದಿರಿಗೆ ಹಿಂದೆಂದೂ ಇಲ್ಲದ ಬೆಲೆ ಬಂದ ೨೦೦೩ರ ಅನಂತರದ ಏಳೆಂಟು ವರ್ಷಗಳಲ್ಲಿ, ಆಗ ೬೩ ಎಂಬ ಸಂಖ್ಯೆಯಿದ್ದ ಹೆದ್ದಾರಿಯಲ್ಲಿ ಅರಬೈಲ ಘಟ್ಟ ಇಳಿದು ಲಾರಿಗಳು ಬೇಲೇಕೇರಿ, ಕಾರವಾರ ಬಂದರಗಳಿಗೆ ಹರಿದು ಬಂದವು. ಬೇಲೇಕೇರಿ ನಮ್ಮೂರ ನೆರೆ. ಮರದ ಎಲೆ, ಮನೆಯ ಹಂಚು, ಒಣಹಾಕಿದ ಮೀನು, ಎಲ್ಲವೂ ಕೆಂಪು. ಚಾಲಕನಿಗೆ ಸಂಬಳ ದಿನದ ಲೆಕ್ಕದಲ್ಲಿ ಅಲ್ಲ, ಖೇಪಿನ ಲೆಕ್ಕದಲ್ಲಿ. ಒಂದು ಖೇಪು ಹೆಚ್ಚಾದರೆ ಮನೆಗೆ ಅಷ್ಟು ಹೆಚ್ಚು. ಹೇರಿದ್ದು ಮಿತಿಮೀರಿದ ಭಾರ. ಒಮ್ಮೆ ವೇಗ ತಗ್ಗಿಸಿದರೆ ಮತ್ತೆ ಏರಿಸಲು ಎಣ್ಣೆ ಹೊತ್ತು ಎರಡೂ ಹೋಗುತ್ತವೆ. ಆದುದರಿಂದ ಅವನು ಬಲಪಥವನ್ನು ಬಿಡಲಾರ, ಬ್ರೇಕು ಒತ್ತಲಾರ, ನಿದ್ದೆ ಮಾಡಲಾರ. ಅವನ ಮೇಲೆ ನಮಗೆ ಸಿಟ್ಟು ಬಂದದ್ದು ಸಹಜ. ಅವನಿಗೆ ಖೇಪಿನ ಲೆಕ್ಕ ಹಾಕಿದವರು ಯಾವ ರಸ್ತೆಯಲ್ಲಿಯೂ ನಮಗೆ ಎದುರಾಗಲಿಲ್ಲ. ೨೦೧೦ರಲ್ಲಿ ಬೇಲೇಕೇರಿಯಲ್ಲಿ ಜಪ್ತಿ ಮಾಡಿದ ಲಕ್ಷಗಟ್ಟಲೆ ಟನ್ ಅದಿರು ಕಾಣೆಯಾದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಆ ಜುಲೈಯಲ್ಲಿ ರಾಜ್ಯ ಸರಕಾರ ಅದಿರಿನ ರಫ್ತನ್ನು ನಿಲ್ಲಿಸಿತು. ಲಾರಿಗಳು ಹೋದವು. ಅವು ಕಲಿಸಿದ್ದು ಹೋಗಲಿಲ್ಲ. ಆ ಏಳೆಂಟು ವರ್ಷಗಳಲ್ಲಿ ಗಾಡಿ ಕಲಿತ ಹುಡುಗರು ಎಡದಿಂದ ನುಸುಳುವುದನ್ನೇ ದಾಟುವ ಕ್ರಮವೆಂದು ಕಲಿತರು. ಬಲಪಥ ಯಾವಾಗಲೂ ತುಂಬಿರುತ್ತಿತ್ತು, ಪಾಪ, ಅವರಾದರೂ ಏನು ಮಾಡಿಯಾರು?

ಹೆದ್ದಾರಿ ೧೭ ಇದ್ದದ್ದು ೨೦೧೦ರ ಮರುಸಂಖ್ಯೆಯಲ್ಲಿ ೬೬ ಆಯಿತು. ಮುಂದೆ ಅದು ನಾಲ್ಕು ಪಥಗಳಾಗಿ ಅಗಲಿತು. ನಡುವೆ ವಿಭಾಜಕ ಬಂತು. ಇಂಜಿನಿಯರರ ದೃಷ್ಟಿಯಲ್ಲಿ ಇದು ಎದುರುಬದುರು ಡಿಕ್ಕಿಯನ್ನು ತಪ್ಪಿಸುವ ಅತ್ಯುತ್ತಮ ಉಪಾಯ. ಅವರ ಮಾತು ನಿಜವೇ. ಆದರೆ ಹಳ್ಳಿಯ ದೃಷ್ಟಿಯಲ್ಲಿ ನಡುವೆ ಒಂದು ಗೋಡೆ ಎದ್ದಿತು. ಮನೆಯ ಎದುರಿಗೇ ಇದ್ದ ಅಂಗಡಿಗೆ ಹೋಗಲು ಮುಂದಿನ ತೆರಪಿನವರೆಗೆ ಹೋಗಿ ತಿರುಗಿ ಬರಬೇಕು. ಹಾಲು ತರಲು ಹೋದವನು ಅಷ್ಟು ದೂರ ಹೋಗಿ ಬರುತ್ತಾನೆಯೇ? ಅಂಚಿನಲ್ಲಿ, ಎದುರುಮುಖವಾಗಿ, ನಾಲ್ಕು ಮಾರು ಬರುತ್ತಾನೆ. ನಾಲ್ಕು ಮಾರು ನಲವತ್ತಾಗುತ್ತದೆ. ನೋಡನೋಡುತ್ತ ರಿಕ್ಷಾ, ಟೆಂಪೊ, ಟ್ರ್ಯಾಕ್ಟರುಗಳೂ ಅದೇ ದಾರಿ ಹಿಡಿದವು. ೨೦೧೯ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಯ ೧೮೪ನೆಯ ಕಲಮಿನೊಳಗೆ, ಸಂಚಾರದ ದಿಕ್ಕಿಗೆ ವಿರುದ್ಧವಾಗಿ ನಡೆಸುವುದನ್ನು ಅಪಾಯಕರ ಚಾಲನೆಯೆಂದು ಹೆಸರಿಟ್ಟು ಸೇರಿಸಿದರು. ಮೊದಲ ತಪ್ಪಿಗೆ ಒಂದು ಸಾವಿರದಿಂದ ಐದು ಸಾವಿರದವರೆಗೆ ದಂಡ, ಇಲ್ಲವೆ ಸೆರೆ. ಉಳಿದ ದುರಭ್ಯಾಸಗಳಿಗೆ ನಾನು ಇತಿಹಾಸದ ನೆವ ಹೇಳಿ ಕ್ಷಮೆ ಕೊಡಬಲ್ಲೆ. ಇದೊಂದಕ್ಕೆ ಕೊಡಲಾರೆ. ಏಕೆಂದರೆ ಇದು ಹಳೆಯ ರಸ್ತೆಯ ನೆನಪಲ್ಲ. ನಮ್ಮ ಕಣ್ಣೆದುರಿಗೇ, ನಾವೇ ಹುಟ್ಟಿಸಿದ್ದು.

೨೦೨೪ರ ಆಗಸ್ಟ್ ಏಳರ ನಸುಕಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿಯಿತು. ಮೇಲಿದ್ದ ಲಾರಿ ಹೊಳೆಗೆ ಬಿತ್ತು. ಚಾಲಕನನ್ನು ಬದುಕಿಸಿ ತೆಗೆದರು. ಅದಕ್ಕೆ ಮೂರು ವಾರ ಹಿಂದೆಯಷ್ಟೇ, ಜುಲೈ ಹದಿನಾರರಂದು, ಇದೇ ಹೆದ್ದಾರಿಯ ಮೇಲೆ ಶಿರೂರಿನಲ್ಲಿ ಗುಡ್ಡ ಜರಿದು ಚಹದಂಗಡಿಯ ಬಳಿ ನಿಂತವರ ಪ್ರಾಣ ಹೋಗಿತ್ತು. ಸೇತುವೆ ಬಿದ್ದ ಮೇಲೆ ಗೋವೆಯ ಕಡೆಯ ಗಾಡಿಗಳೂ ಈ ಕಡೆಯವೂ ಹೊಸ ಸೇತುವೆಯೊಂದರ ಮೇಲೆಯೇ ಎದುರುಬದುರಾಗಿ ಓಡಬೇಕಾಯಿತು. ಏಕಮುಖದ ರೂಢಿಯಾಗಿದ್ದವರು ಮತ್ತೆ ದ್ವಿಮುಖಕ್ಕೆ ಬಂದರು. ಆ ದಿನಗಳಲ್ಲಿ ಸದಾಶಿವಗಡಕ್ಕೆ ಹೋಗುವ ಕೆಲಸವಿದ್ದಾಗ ನಾನು ಕಂಡಂತೆ, ಸೇತುವೆಯ ಮೇಲೆ ಯಾರೂ ಯಾರನ್ನೂ ದಾಟುತ್ತಿರಲಿಲ್ಲ. ಕೆಳಗೆ ಮುರಿದ ಕಂಬಗಳು ಕಾಣುತ್ತಿದ್ದವು.

ಅವರ್ಸಾದಲ್ಲಿ ಸಮುದ್ರ ಪಶ್ಚಿಮಕ್ಕೆ. ಹೆದ್ದಾರಿಯಾಚೆ ಪೂರ್ವದ ಕಡೆಗೂ ಮನೆಗಳಿವೆ. ನಮ್ಮ ಕೇರಿಗೆ ಬುಟ್ಟಿ ಹೊತ್ತು ಮೀನು ತರುವ ಮುದುಕಿಯೊಬ್ಬಳು ನಲವತ್ತು ವರ್ಷಗಳಿಂದ ಆ ರಸ್ತೆಯನ್ನು ದಾಟಿದವಳು. ಒಂಟಿ ಪಥವಿದ್ದಾಗ, ಅದಿರು ಹರಿದಾಗ, ರಸ್ತೆ ಅಗೆದಾಗ. ಕಳೆದ ಮಳೆಗಾಲದ ಮೊದಲು ಒಂದು ಬೆಳಿಗ್ಗೆ ಎದುರುಮುಖವಾಗಿ ಬಂದ ಬೈಕು ಅವಳ ಕಾಲು ಮುರಿಯಿತು. ನೋಡಲು ಹೋದಾಗ ಅವಳು ಬೈದದ್ದೂ ಇಲ್ಲ, ಅತ್ತದ್ದೂ ಇಲ್ಲ. "ತಮಾ, ನಾ ಬಲಬದೀಗೆ ನೋಡ್ಕಂಡೇ ದಾಟ್ದೆ. ಅಂವ ಎಡಬದಿಂದ ಬಂದ" ಎಂದಳು. ೧೯೩೯ರ ಅನುಸೂಚಿಯ ಮೊದಲ ನಿಯಮ ಅವಳ ಕತ್ತಿನಲ್ಲಿತ್ತು, ಬೈಕಿನವನಲ್ಲಿರಲಿಲ್ಲ. ಕಾಲು ಕೂಡಿದೆ, ಕೋಲೂರಿ ನಡೆಯುತ್ತಾಳೆ. ಬುಟ್ಟಿಯನ್ನು ಈಗ ಸೊಸೆ ಹೊರುತ್ತಾಳೆ. ಅತ್ತೆಯ ಅಪ್ಪಣೆಯಂತೆ ಅವಳು ಹೆದ್ದಾರಿಯ ಪಡುವಣ ಬದಿಯ ಮನೆಗಳಿಗಷ್ಟೇ ಮೀನು ಕೊಟ್ಟು ಹಿಂದಿರುಗುತ್ತಾಳೆ. ಮೂಡಣ ಬದಿಯವರಾದ ನಾವು ಬಂಗಡೆ ಬೇಕಾದರೆ ಅಂಕೋಲೆಯ ಪೇಟೆಗೆ ಹೋಗುತ್ತೇವೆ, ಗಾಡಿಯಲ್ಲಿ.